ಆಗರದ ಜೀವಿ, ಅಗರ್ ತಟ್ಟೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವೈದ್ಯಮಿತ್ರರೇ ಮತ್ತು ವಿದ್ಯಾರ್ಥಿಗಳೇ,

ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ನಡೆಯುವ ಔಷಧ ಪ್ರತಿರೋಧ ಜಾಗೃತಿ ಸಪ್ತಾಹದ ನಿಮಿತ್ತ ಉಡುಪಿಯ ಈ ಸಭೆಗೆ ನನ್ನನ್ನು ಕರೆದಿದ್ದೀರಿ. ಪ್ರತಿರೋಧ ಎಲ್ಲಿಗೆ ಮುಟ್ಟಿದೆ ಎಂಬುದನ್ನು ದಿನವೂ ವಾರ್ಡುಗಳಲ್ಲಿ ನೋಡುತ್ತಿರುವವರಿಗೆ ನಾನು ವಿವರಿಸಬೇಕಾಗಿಲ್ಲ. 2019ರ ಒಂದೇ ವರ್ಷದಲ್ಲಿ ಜಗತ್ತಿನ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂಬ ಅಂದಾಜು ನಿಮಗೆ ತಿಳಿದದ್ದೇ. ಹೊಸ ಔಷಧ ಬೇಕು, ಹಳೆಯ ಮಣ್ಣಿನಲ್ಲಿ ಹುಡುಕಿದ್ದನ್ನೇ ಹುಡುಕಿ ಸಾಕಾಗಿದೆ, ಆದ್ದರಿಂದ ಬಿಸಿನೀರ ಬುಗ್ಗೆ, ಆಳಸಮುದ್ರ, ಉಪ್ಪಿನ ಆಗರ, ಆಮ್ಲದ ಹೊಂಡಗಳತ್ತ ಹೋಗೋಣ ಎನ್ನುವ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಅಂಥ ಕಡೆಯ ಜೀವಿಯೊಂದರಲ್ಲಿ ಹೊಸ ಆ್ಯಂಟಿಬಯೋಟಿಕ್ ದೊರೆಯಿತೆಂಬ ಸುದ್ದಿಯನ್ನು ಓದಿದಾಗಲೆಲ್ಲ ನನ್ನ ಬಾಯಿಗೆ ಬರುವ ಪ್ರಶ್ನೆ ಒಂದೇ: ಕಂಟ್ರೋಲ್ ತಟ್ಟೆ, ಅಂದರೆ ಆ ಜೀವಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಹೋಲಿಸಿ ನೋಡುವ ತಟ್ಟೆ, ಎಲ್ಲಿದೆ?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿತವನಲ್ಲ, ಮಾನ ಕಳೆದುಕೊಂಡು ಕಲಿತವನು. ಬಹಳ ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬರು ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ನೀರನ್ನು ಎರಡು ಸೀಸೆಗಳಲ್ಲಿ ತಂದರು. ಉಪ್ಪು ಹರಳುಗಟ್ಟುವ ಹಂತದ ನೀರಿಗೆ ಆ ಬಣ್ಣ ಬರುವುದು ಬಹುಮಟ್ಟಿಗೆ ಲವಣಪ್ರಿಯ ಆರ್ಕಿಯಾಗಳಿಂದ, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿಗೆ ಸೇರಿದ ಏಕಕೋಶ ಜೀವಿಗಳಿಂದ; ಉಪ್ಪು ಹಾಕಿ ಒಣಗಿಸಿದ ಮೀನು ಒಮ್ಮೊಮ್ಮೆ ಕೆಂಪು ಹಿಡಿಯುವುದೂ ಅವುಗಳಿಂದಲೇ. ಆಗರದ ಈ ಜೀವಿಯನ್ನು ಪ್ರಯೋಗಾಲಯದ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಬೆಳೆಸಲು ಶೇಕಡಾ 20ರಷ್ಟು ಉಪ್ಪು ಬೆರೆಸಬೇಕಾಯಿತು. ಸಮುದ್ರದ ನೀರಿನಲ್ಲಿರುವುದು ಶೇಕಡಾ 3.5 ಎಂಬುದನ್ನು ನೆನೆದರೆ ಅದು ಎಷ್ಟೆಂದು ತಿಳಿದೀತು. ಮೂರು ವಾರ ಕಾದೆವು. ಅಷ್ಟರಲ್ಲಿ ಇನ್‌ಕ್ಯುಬೇಟರಿನ ತಂತಿಯ ಹಲಗೆಗಳಿಗೆ ತುಕ್ಕು ಹಿಡಿದು, ಲೆಕ್ಕಪತ್ರ ವಿಭಾಗದವರು ಇದು ವಿಜ್ಞಾನವೋ ಉಪ್ಪಿನಕಾಯಿ ವ್ಯಾಪಾರವೋ ಎಂದು ಕೇಳುವಂತಾಗಿತ್ತು.

ಕೊನೆಗೆ ಜೀವಿ ಬೆಳೆದ ದ್ರವವನ್ನು ಸೋಸಿ, ಇಂಗಿಸಿ ಗಟ್ಟಿಮಾಡಿ, ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಹರಡಿದ್ದ ತಟ್ಟೆಯಲ್ಲಿ ಸಣ್ಣ ಕುಣಿ ಕೊರೆದು ತುಂಬಿದೆವು. ಮರುದಿನ ಬೆಳಿಗ್ಗೆ ಕುಣಿಯ ಸುತ್ತ ಇ. ಕೋಲಿ ಬೆಳೆಯದ ನಿಚ್ಚಳವಾದ ವಲಯ! ಅಂದು ಸಂಜೆ ವಿಭಾಗಕ್ಕೆಲ್ಲ ಗೋಳಿಬಜೆ ತರಿಸಿದವನು ನಾನೇ. ಪ್ರಬಂಧದ ಶೀರ್ಷಿಕೆಯನ್ನೂ ಬರೆದಿಟ್ಟಿದ್ದೆ. ಗೋಳಿಬಜೆ ತಿನ್ನುತ್ತಿದ್ದ ನಮ್ಮ ಹಿರಿಯ ಪ್ರಯೋಗಾಲಯ ಸಹಾಯಕರು ತುಸು ಸಂಕೋಚದಿಂದ, 'ಸರ್, ಬರೀ ಉಪ್ಪುನೀರು ಹಾಕಿ ನೋಡಿದ್ದೀರಾ? ನಮ್ಮ ಮನೆಯ ಭರಣಿಯಲ್ಲಿ ಉಪ್ಪುಸೊಳೆ ಮಳೆಗಾಲವಿಡೀ ಕೆಡುವುದಿಲ್ಲ' ಎಂದರು. ನೋಡಿರಲಿಲ್ಲ. ಜೀವಿಯನ್ನು ಹಾಕದೆ ಅದೇ ದ್ರವವನ್ನು ಅದೇ ರೀತಿ ಇಂಗಿಸಿ ತುಂಬಿದಾಗ ಅದೇ ಅಗಲದ ವಲಯ ಬಂತು. ಮೂರು ವಾರ ಕಾದು ನಾವು ಕಂಡುಹಿಡಿದದ್ದು ಉಪ್ಪನ್ನು.

ನಾಚಿಕೆಯ ಸಂಗತಿ ಇನ್ನೂ ಒಂದಿದೆ. ಪಕ್ಕದ ತಟ್ಟೆಯಲ್ಲಿದ್ದ, ಕೀವು ತರುವ ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ ಏನೂ ಆಗಿರಲಿಲ್ಲ. ಅದು ಉಪ್ಪನ್ನು ಸಹಿಸುವ ಜೀವಿ. ಅದನ್ನು ಗುರುತಿಸಲೆಂದೇ ಶೇಕಡಾ 7.5 ಉಪ್ಪಿರುವ ಮಾಧ್ಯಮವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಇ. ಕೋಲಿ ಸತ್ತು ಸ್ಟ್ಯಾಫಿಲೊಕಾಕಸ್ ಬದುಕಿದಾಗಲೇ ನನಗೆ ಹೊಳೆಯಬೇಕಿತ್ತು. ಆನಂತರ ಎಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಸಾರವನ್ನು ತೆಗೆದು ಉಪ್ಪನ್ನು ನೀರಿನಲ್ಲೇ ಬಿಟ್ಟುಬಂದೆವು, ಬರೀ ಎಥೈಲ್ ಅಸಿಟೇಟ್ ಹಚ್ಚಿ ಒಣಗಿಸಿದ ಬಿಲ್ಲೆಯನ್ನೂ ಪಕ್ಕದಲ್ಲಿಟ್ಟೆವು. ವಲಯ ಮಾಯವಾಯಿತು.

ಲವಣಪ್ರಿಯ ಆರ್ಕಿಯಾಗಳು ಕೊಲ್ಲುವ ವಸ್ತುಗಳನ್ನು ತಯಾರಿಸುವುದೇ ಇಲ್ಲವೆಂದು ಇದರ ಅರ್ಥವಲ್ಲ. ಹ್ಯಾಲೊಸಿನ್ ಎಂಬ ಪ್ರೋಟೀನುಗಳು 1980ರ ದಶಕದಿಂದಲೂ ತಿಳಿದಿವೆ. ಆದರೆ ಅವು ಹೆಚ್ಚಾಗಿ ಕೊಲ್ಲುವುದು ಅದೇ ಆಗರದ ತಮ್ಮ ಹತ್ತಿರದ ಬಂಧುಗಳನ್ನು. ಅದೊಂದು ದಾಯಾದಿ ಕಲಹ. ಮನುಷ್ಯನಿಗೆ ರೋಗ ತರುವುದೆಂದು ಸಿದ್ಧವಾದ ಆರ್ಕಿಯಾ ಈವರೆಗೆ ಒಂದೂ ಇಲ್ಲದಿರುವಾಗ, ಆ ಕಲಹದಿಂದ ನಮ್ಮ ರೋಗಿಗೆ ನೇರವಾಗಿ ಆಗುವ ಲಾಭ ಕಡಿಮೆ.

ತಟ್ಟೆಯ ವಲಯ ತನ್ನನ್ನು ಮಾಡಿದವರು ಯಾರೆಂದು ಹೇಳುವುದಿಲ್ಲ ಎಂಬುದಕ್ಕೆ ನನಗಿಂತ ದೊಡ್ಡವರ ಉದಾಹರಣೆಯೂ ಇದೆ. ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಜುಸೆಪ್ಪೆ ಬ್ರೋಟ್ಸು ಅವರು 1945ರಲ್ಲಿ ಊರಿನ ಕೊಳಚೆ ಸಮುದ್ರ ಸೇರುವಲ್ಲಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿದರು. ಟೈಫಾಯ್ಡ್ ಜೀವಿಯನ್ನೂ ತಡೆಯುತ್ತಿದ್ದ ಆ ಶಿಲೀಂಧ್ರ ಆಕ್ಸ್‌ಫರ್ಡ್ ಸೇರಿದ ಮೇಲೆ ತಿಳಿದದ್ದೇನೆಂದರೆ, ಅಂಥ ಜೀವಿಗಳ ಮೇಲಿನ ಪರಿಣಾಮ ಬಹುಪಾಲು ಪೆನಿಸಿಲಿನ್ ಎನ್ ಎಂಬ ಬೇರೊಂದು ವಸ್ತುವಿನದಾಗಿತ್ತು. ಅದರ ಮರೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದ ಸೆಫಲೊಸ್ಪೊರಿನ್ ಸಿ ಎಂಬುದನ್ನು ಅಲ್ಲಿನ ವಿಜ್ಞಾನಿಗಳಾದ ನ್ಯೂಟನ್ ಮತ್ತು ಅಬ್ರಹಾಂ ಹೊರತೆಗೆದರು; ಅದರಿಂದ ಹುಟ್ಟಿದ ಮೊದಲ ಔಷಧ ಬಳಕೆಗೆ ಬಂದದ್ದು 1964ರಲ್ಲಿ. ನೀವು ಇಂದು ಬೆಳಿಗ್ಗೆ ಬರೆದುಕೊಟ್ಟಿರಬಹುದಾದ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿನ ವಂಶಾವಳಿ ಇದು. ಒಂದು ಕೊಳಚೆ ಕೊಳವೆಯಿಂದ ಇಂಜೆಕ್ಷನ್ನಿನವರೆಗೆ 19 ವರ್ಷ!

ಹಾಗಾದರೆ ವಿಪರೀತ ಪರಿಸರದಲ್ಲಿ ಹುಡುಕುವುದು ವ್ಯರ್ಥವೇ ಎಂದರೆ, ಖಂಡಿತ ಅಲ್ಲ. ಅಮೆರಿಕದ ಮೊಂಟಾನಾದಲ್ಲಿ ಬರ್ಕ್‌ಲಿ ಪಿಟ್ ಎಂಬ ಪಾಳುಬಿದ್ದ ತಾಮ್ರದ ಗಣಿಯಿದೆ. ಅದರಲ್ಲಿ ತುಂಬಿದ ನೀರು ಲೋಹಭರಿತ, ನಿಂಬೆರಸದಷ್ಟು ಹುಳಿ. 1995ರಲ್ಲಿ ಅಲ್ಲಿ ಇಳಿದ ನೂರಾರು ಹಿಮ ಹೆಬ್ಬಾತುಗಳು ಸತ್ತವು. ಅದೇ ನೀರಿನಲ್ಲಿ ಆ್ಯಂಡ್ರಿಯಾ ಮತ್ತು ಡಾನ್ ಸ್ಟೀರ್ಲಿ ದಂಪತಿಗಳು ಎರಡು ಪೆನಿಸಿಲಿಯಂ ಶಿಲೀಂಧ್ರಗಳನ್ನು ಕಂಡರು. ಬೇರೆಬೇರೆಯಾಗಿ ಬೆಳೆಸಿದಾಗ ಎರಡೂ ತಯಾರಿಸದ ಬರ್ಕ್‌ಲಿಲ್ಯಾಕ್ಟೋನ್ ಎ ಎಂಬ ವಸ್ತು, ಒಟ್ಟಿಗೆ ಬೆಳೆಸಿದಾಗ ದೊರೆಯಿತು. ಮೆಥಿಸಿಲಿನ್ ಎಂಬ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ಸನ್ನೂ ಅದು ಪ್ರಯೋಗಾಲಯದಲ್ಲಿ ತಡೆಯುತ್ತದೆಂದು 2017ರಲ್ಲಿ ಪ್ರಕಟವಾಯಿತು. ನನ್ನನ್ನು ಸೆಳೆಯುವುದು ಗಣಿಗಿಂತ ಹೆಚ್ಚಾಗಿ ಆ 'ಒಟ್ಟಿಗೆ' ಎಂಬ ಮಾತು. ನಾವು ಜೀವಿಯನ್ನು ಹೋರಾಟದ ಜಾಗದಿಂದ ಎತ್ತಿ ತಂದು, ಹೊಟ್ಟೆತುಂಬ ಉಣ್ಣಿಸಿ, ಒಂಟಿಯಾಗಿ ಸಾಕಿ, ಆಮೇಲೆ ಅದು ಆಯುಧವನ್ನೇ ತಯಾರಿಸುತ್ತಿಲ್ಲವೆಂದು ದೂರುತ್ತೇವೆ. (ಇಲ್ಲಿಯೂ ಕಂಟ್ರೋಲ್ ತಟ್ಟೆಯನ್ನು ಗಮನಿಸಿ: ಒಂಟಿಯಾಗಿ ಬೆಳೆಸಿದ ತಟ್ಟೆಗಳಿಲ್ಲದಿದ್ದರೆ ಜೋಡಿಯ ಮಹಿಮೆ ತಿಳಿಯುತ್ತಲೇ ಇರಲಿಲ್ಲ.)

ನಮ್ಮ ಜಿಲ್ಲೆಗಳಿಗೆ ಬರೋಣ. ಪುತ್ತೂರು ಕಡೆಯ ಬೆಂದ್ರುತೀರ್ಥದ ಹೆಸರನ್ನು ವಿದ್ಯಾರ್ಥಿಗಳು ತಪ್ಪದೆ ಹೇಳುತ್ತಾರೆ; ಆದರೆ ಅದು ಸ್ನಾನಕ್ಕೆ ಹಿತವಾದ ಬೆಚ್ಚಗಿನ ನೀರು, ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಅವರು ಅಮೆರಿಕದ ಯೆಲ್ಲೊಸ್ಟೋನಿನಲ್ಲಿ ಕಂಡ 70 ಡಿಗ್ರಿಯ ಬುಗ್ಗೆಯಲ್ಲ. ನನ್ನ ಒಲವು ಅಳಿವೆಯ ಕೆಸರಿನ ಕಡೆಗೆ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಸುತ್ತಿನ ಕಾಂಡ್ಲಾ ಗಿಡಗಳ ಬುಡದ ಮಣ್ಣು ಮಳೆಗಾಲದಲ್ಲಿ ಸಿಹಿನೀರನ್ನೂ ಬೇಸಿಗೆಯಲ್ಲಿ ಉಪ್ಪುನೀರನ್ನೂ ಕುಡಿಯುತ್ತದೆ. ಗೇಣು ಆಳಕ್ಕಿಳಿದರೆ ಆಮ್ಲಜನಕವಿಲ್ಲ, ಕೊಳೆತ ಮೊಟ್ಟೆಯ ವಾಸನೆ. ಸದಾ ಉಪ್ಪಿನಲ್ಲೇ ಇರುವ ಜೀವಿಗಿಂತ ಈ ಏರಿಳಿತವನ್ನು ತಾಳುವ ಜೀವಿ ಹೆಚ್ಚು ಉಪಾಯಗಾರನಿರಬಹುದೆಂಬುದು ನನ್ನ ಊಹೆ, ಊಹೆ ಮಾತ್ರ. ಸಮುದ್ರದ ಕೆಸರಿನ ಆಕ್ಟಿನೊಮೈಸೀಟುಗಳು ಎಂಬ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಆಸೆ ಹುಟ್ಟಿಸಿವೆ ಎಂಬುದಂತೂ ನಿಜ: ಜಪಾನ್ ಸಮುದ್ರದ 289 ಮೀಟರ್ ಆಳದ ಕೆಸರಿನಿಂದ ಬಂದ ಜೀವಿಯೊಂದು ಅಬಿಸ್ಸೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ವಸ್ತುವನ್ನು ಕೊಟ್ಟಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮನುಷ್ಯನ ಜೀವಕೋಶಗಳ ಮೇಲಿನ ವಿಷಪರೀಕ್ಷೆ, ತಿಳಿದ ವಸ್ತುವನ್ನೇ ಮತ್ತೆ ಕಂಡುಹಿಡಿಯುವ ವ್ಯರ್ಥಶ್ರಮವನ್ನು ತಪ್ಪಿಸುವ ಬಗೆ, 2002ರ ಜೀವವೈವಿಧ್ಯ ಕಾಯ್ದೆ, ಇವೆಲ್ಲ ನನ್ನ ಚೀಟಿಯಲ್ಲೇ ಉಳಿದವು. ಹಣದ ಬಗ್ಗೆ ಒಂದೇ ಮಾತು: ಅಮೆರಿಕದ ಅಕೇಜೆನ್ ಕಂಪೆನಿಯ ಪ್ಲಾಜೊಮೈಸಿನ್ ಎಂಬ ಹೊಸ ಆ್ಯಂಟಿಬಯೋಟಿಕ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು, 2019ರಲ್ಲಿ ಕಂಪೆನಿ ದಿವಾಳಿಯಾಯಿತು.

ಸಾಣಿಕಟ್ಟಾದ ಆ ತಳಿಯನ್ನು ನಾವು ಎಸೆದಿಲ್ಲ, ಶೈತ್ಯಪೆಟ್ಟಿಗೆಯಲ್ಲಿ ಈಗಲೂ ಇದೆ. ಅಳಿವೆಯ ಯಾವುದಾದರೂ ಜೀವಿಯೊಡನೆ ಅದನ್ನು ಜೋಡಿಯಾಗಿ ಬೆಳೆಸಿ ನೋಡುವ ಹುಮ್ಮಸ್ಸು ಈ ಸಭೆಯ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇದ್ದರೆ, ಚಹಾ ಕುಡಿಯುವಾಗ ನನ್ನನ್ನು ಕಾಣಿ. ಇನ್‌ಕ್ಯುಬೇಟರಿನ ಹಲಗೆಗಳಿಗೆ ಈ ಸಲ ಬಣ್ಣ ಹೊಡೆಸಿದ್ದೇವೆ.