ಟಾಯ್ಲೆಟ್ ಬಾಗಿಲು ಎಲ್ಲಿದೆ ಸ್ವಾಮಿ?

ನಮಸ್ಕಾರ, ಬನ್ನಿ ಬನ್ನಿ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮರೆವಿನ ಕಾಯಿಲೆಯವರಿಗೆ ಬೇರೆ ಮನೆ ಕಟ್ಟಬೇಕಂತೆ! ಅಪ್ಪ ಅಮ್ಮನನ್ನು ಹೊರಗೆ ಹಾಕೋಕೆ ಒಳ್ಳೆ ನೆಪ." ಆಯ್ತು ಸ್ವಾಮಿ, ಮನೆಯಲ್ಲೇ ಇಟ್ಟುಕೊಳ್ಳಿ, ನಾನು ಬೇಡ ಅಂದೆನಾ? ಒಂದೇ ಪ್ರಶ್ನೆ. ಅವರ ಮಂಚದಿಂದ ಟಾಯ್ಲೆಟ್ ಕಾಣುತ್ತಾ?

ನಗಬೇಡಿ. ಡಿಮೆನ್ಷಿಯಾ, ಅಂದರೆ ಇದೇ ಮರೆವಿನ ಕಾಯಿಲೆ, ಇರುವವರು ರಾತ್ರಿ ಎದ್ದರೆ ಬಾಗಿಲು ಎಲ್ಲಿ ಅಂತ ನೆನಪು ಮಾಡಿಕೊಂಡು ಹೋಗೋದು ಕಷ್ಟ. ಕಣ್ಣಿಗೆ ಕಂಡರೆ ಹೋಗುತ್ತಾರೆ. ಕಾಣದಿದ್ದರೆ ಮೂಲೆಯ ಬಟ್ಟೆ ಬುಟ್ಟಿಯೇ ಗತಿ. ಆಮೇಲೆ ನಾವು ಡೈಪರ್ ಹಾಕಿ, "ಪಾಪ, ಏನೂ ಗೊತ್ತಾಗಲ್ಲ" ಅನ್ನುತ್ತೇವೆ. ಗೊತ್ತಾಗದೇ ಇದ್ದದ್ದು ಮನೆ ಕಟ್ಟಿದವನಿಗೆ ಕಣ್ರೀ!

ಮೊನ್ನೆ ಒಂದು ಬ್ರೋಷರ್ ಬಂತು, ಹೆಸರು ಹೇಳಲ್ಲ. ಮರೆವಿನ ಕಾಯಿಲೆಯ ಹಿರಿಯರಿಗೆ ಅಂತಲೇ ಫ್ಲ್ಯಾಟ್. ಇಟಾಲಿಯನ್ ಮಾರ್ಬಲ್, ಫಳಫಳ. ಅಯ್ಯೋ, ಹೊಳೆಯೋ ನೆಲ ಅವರಿಗೆ ನೀರು ನಿಂತ ಹಾಗೆ ಕಾಣಬಹುದು, ಕಾಲಿಡೋಕೇ ಹೆದರುತ್ತಾರೆ. ಕಪ್ಪು ಮ್ಯಾಟ್ ಗುಂಡಿ ಅನ್ನಿಸಬಹುದು. ಬಿಳಿ ಗೋಡೆ, ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ಸೀಟು. ಎಲ್ಲಿ ಕೂರಬೇಕು ಆ ಮನುಷ್ಯ? ಸೀಟು ಕೆಂಪಗಿದ್ದರೆ ನಿಮ್ಮ ಗಂಟೇನು ಹೋಗುತ್ತದೆ? ಪ್ಲಾನ್ ನೋಡಿದರೆ ಟಾಯ್ಲೆಟ್ ಬಾಗಿಲು ವಾರ್ಡ್‌ರೋಬ್ ಆಚೆಗೆ, ಮರೆಯಲ್ಲಿ!

"ಇದೆಲ್ಲ ಫಾರಿನ್ ಶೋಕಿ" ಅನ್ನೋರೂ ಇದ್ದಾರೆ. ಹೌದಪ್ಪ, ನೆದರ್‌ಲ್ಯಾಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲೇ ಹೋಗೆವೈಕ್ ಅಂತ ಇಂಥವರಿಗೆ ಒಂದು ಊರನ್ನೇ ತೆರೆದರು. ಆರೇಳು ಜನಕ್ಕೊಂದು ಮನೆ, ಅಂಗಡಿ, ಕೆಫೆ, ಸುಮ್ನೆ ಓಡಾಡೋಕೆ ಬೀದಿ. ನಮ್ಮಲ್ಲಿ? 2007ರ ಹಿರಿಯ ನಾಗರಿಕರ ಕಾನೂನು ಬಡ ವೃದ್ಧರಿಗೆ ಜಿಲ್ಲೆಗೊಂದು ಆಶ್ರಮ, ಕನಿಷ್ಠ 150 ಜನಕ್ಕೆ, ಅನ್ನುತ್ತದೆ. 150 ಜನ ಅಂದರೆ ಉದ್ದ ಕಾರಿಡಾರ್, ಎರಡೂ ಕಡೆ ಒಂದೇ ಥರ ಬಾಗಿಲು. ನನಗೇ ದಾರಿ ತಪ್ಪುತ್ತದೆ! ದೇಶದಲ್ಲಿ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು. ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟ್‌ನವರು ಇಂಥವರನ್ನು ನೋಡಿಕೊಳ್ಳೋ ಕೇಂದ್ರ ಇದೆ, ಸರಿ. ಮಿಕ್ಕ ಊರುಗಳವರು ಏನು ಮಾಡಬೇಕು?

"ಅವರನ್ನು ಒಳಗಿಟ್ಟು ಬೀಗ ಹಾಕಿದರೆ ಸೇಫ್ ಅಲ್ವಾ?" ಅನ್ನೋರಿಗೆ ಒಂದು ಮಾತು: ಜೈಲೂ ಸೇಫೇ, ಹೋಗಿ ಇದ್ದು ಬನ್ನಿ.

ಹಾಂ, ಸಬ್‌ಸ್ಕ್ರೈಬ್ ಒತ್ತಿ. ಈ ಕಾಫಿ ಕಪ್ ಮೇಲೆ ನಮ್ಮ ಚಾನೆಲ್ ಹೆಸರಿದೆ, ಮಾರಾಟಕ್ಕಿದೆ, ಲಿಂಕ್ ಕೆಳಗಿದೆ. ಎಲ್ಲಿದ್ದೆ? ಟಾಯ್ಲೆಟ್! ಖರ್ಚು ಜಾಸ್ತಿ ಅಂತೀರಾ? ಬಾಗಿಲನ್ನು ಮಂಚದ ಎದುರಿಗೆ ಗೀಚೋಕೆ ಏನ್ರೀ ಖರ್ಚು, ಒಂದು ಪೆನ್ಸಿಲ್! ವಾಸ್ತು ಅಂತ ಶುರು ಮಾಡಬೇಡಿ, ಬ್ಲಾಕ್ ಮಾಡ್ತೀನಿ. ಯಾರಾದರೂ ಬಿಲ್ಡರ್ ನೋಡುತ್ತಿದ್ದರೆ ಪ್ಲಾನ್ ಕಳಿಸಿ, ಸ್ವಿಮ್ಮಿಂಗ್ ಪೂಲ್ ಫೋಟೋ ಬೇಡ. ಬಿಳಿ ಸೀಟು ಇದ್ದರೆ ಕಳಿಸಲೇಬೇಡಿ.