ಪರರ ಕದನಕ್ಕೆ ಕೊಡುವ ಬಂದೂಕು

ಸಭೆಗೆ ನಮಸ್ಕಾರ.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದರ ಮುಂದೆ ಪಶ್ಚಿಮ ಏಷ್ಯಾದ ಸೇನಾ ಕಾರ್ಯಾಚರಣೆ ನೋಡಿಕೊಳ್ಳುವ ಆ ದೇಶದ ಸೆಂಟ್ರಲ್ ಕಮಾಂಡಿನ ಮುಖ್ಯಸ್ಥರಾಗಿದ್ದ ಜನರಲ್ ಲಾಯ್ಡ್ ಆಸ್ಟಿನ್ ಹಾಜರಾದರು. ಸಿರಿಯಾದ ಬಂಡುಕೋರರಿಗೆ ಬಹಿರಂಗವಾಗಿಯೇ ತರಬೇತಿ ಮತ್ತು ಆಯುಧ ಕೊಡುವ ಯೋಜನೆಯೊಂದಕ್ಕೆ ಅಲ್ಲಿನ ಕಾಂಗ್ರೆಸ್ ಹಿಂದಿನ ವರ್ಷ ಒಪ್ಪಿಗೆ ನೀಡಿತ್ತು. ಅದಕ್ಕೆಂದು ಎತ್ತಿಟ್ಟ ಹಣ 50 ಕೋಟಿ ಡಾಲರ್. ವರ್ಷಕ್ಕೆ 5000ಕ್ಕೂ ಹೆಚ್ಚು ಹೋರಾಟಗಾರರನ್ನು ಸಜ್ಜುಗೊಳಿಸುವುದು ಗುರಿ. ಹಾಗೆ ಸಜ್ಜಾದವರಲ್ಲಿ ಈಗ ಎಷ್ಟು ಜನ ಕಾಳಗದಲ್ಲಿದ್ದಾರೆ ಎಂಬ ಪ್ರಶ್ನೆಗೆ ಜನರಲ್ ಕೊಟ್ಟ ಉತ್ತರ: ನಾಲ್ಕೋ ಐದೋ ಜನ.

ಈ ಉತ್ತರ ಬಹಳ ಗೇಲಿಗೆ ಗುರಿಯಾಯಿತು. ಅದನ್ನು ಬರಿಯ ಆಡಳಿತದ ಅದಕ್ಷತೆ ಎಂದು ತಳ್ಳಿಹಾಕಿದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಆ ಯೋಜನೆಗೆ ಸೇರುವವರು ಇಸ್ಲಾಮಿಕ್ ಸ್ಟೇಟ್ ವಿರುದ್ಧ ಹೋರಾಡಬೇಕಿತ್ತು. ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸ್ಸಾದ್ ಸರ್ಕಾರದ ಪಡೆಗಳ ಮೇಲೆ ಆ ಆಯುಧಗಳನ್ನು ಎತ್ತುವುದು ಯೋಜನೆಯ ಉದ್ದೇಶವಾಗಿರಲಿಲ್ಲ. ಅಂದರೆ, ಸರ್ಕಾರದ ಹೆಲಿಕಾಪ್ಟರುಗಳು ಸುರಿದ ಬಾಂಬಿಗೆ ಮನೆಮಠ ಕಳೆದುಕೊಂಡು ಬಂದೂಕು ಹಿಡಿದವನ ಬಳಿ ಹೋಗಿ, ನಿನ್ನ ಶತ್ರುವನ್ನು ಸದ್ಯಕ್ಕೆ ಬಿಡು, ನನ್ನ ಶತ್ರುವನ್ನು ಹೊಡೆ, ಅದಕ್ಕೆ ಬೇಕಾದುದನ್ನೆಲ್ಲ ನಾನು ಕೊಡುತ್ತೇನೆ ಎಂದಂತಾಯಿತು. ಜನ ಸಿಗದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆ ನಾಲ್ಕೈದು ಜನ ಸಿಕ್ಕಿದ್ದೇ ನನಗೆ ಆಶ್ಚರ್ಯ.

ಬೇರೆ ದೇಶದ ಅಂತರ್ಯುದ್ಧದಲ್ಲಿ ಬಂಡುಕೋರರಿಗೆ ಆಯುಧ ಕೊಡಬೇಕೆ ಎಂಬ ಚರ್ಚೆ ಎದ್ದಾಗಲೆಲ್ಲ ಮೊದಲು ಕೇಳಿಬರುವುದು, ಪಡೆಯುವವರು ಎಂಥವರು, ಸೌಮ್ಯರೋ ಉಗ್ರರೋ ಎಂಬ ಪ್ರಶ್ನೆ. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಚರ್ಚೆಯೆಲ್ಲ ಅಲ್ಲೇ ಸುತ್ತಿ ಮುಗಿಯುವುದರಿಂದ, ಕೊಡುವವನಿಗೆ ಬೇಕಾಗಿರುವುದೇನು, ಅದು ಪಡೆಯುವವನಿಗೆ ಬೇಕಾದುದರೊಂದಿಗೆ ಹೊಂದುತ್ತದೆಯೇ, ಮೊದಲ ಕಂತಿನ ಆಯುಧ ಸಾಲದೆ ಹೋದ ದಿನ ಕೊಟ್ಟವನು ಏನು ಮಾಡುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆಯುಧ ನೀಡಿಕೆ ರಾಜಕಾರಣಿಗಳನ್ನು ಸೆಳೆಯುವುದು, ಅದು ಸುಮ್ಮನೆ ಕೂರುವುದಕ್ಕೂ ಸೈನ್ಯ ಕಳಿಸುವುದಕ್ಕೂ ನಡುವಿನ ದಾರಿಯಂತೆ ಕಾಣುವುದರಿಂದ. ಆ ದಾರಿ ಕೊಡುವವನ ಪಾಲಿಗಷ್ಟೇ ನಡುದಾರಿ. ಪಡೆಯುವವನ ಪಾಲಿಗೆ ಅದು ಇಡಿಯಾದ ಯುದ್ಧ. ನಾನು ಇಂದು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ. ಉಳಿದುದೆಲ್ಲ ಇದರ ಉದಾಹರಣೆ ಮತ್ತು ಇದಕ್ಕೆ ಎದುರು ನಿಲ್ಲಬಹುದಾದ ಆಕ್ಷೇಪಗಳು.

ಸಿರಿಯಾದ ಚರ್ಚೆಯನ್ನೇ ಇನ್ನಷ್ಟು ನೋಡೋಣ. 2011ರ ಮಾರ್ಚ್‌ನಲ್ಲಿ ದರಾ ನಗರದಲ್ಲಿ ಭುಗಿಲೆದ್ದ ಪ್ರತಿಭಟನೆಗಳನ್ನು ಸರ್ಕಾರ ಗುಂಡಿನಿಂದ ಅಡಗಿಸಲು ಹೊರಟ ಮೇಲೆ, ಸೈನ್ಯ ತೊರೆದ ಅಧಿಕಾರಿಗಳು ಅದೇ ವರ್ಷದ ಜುಲೈನಲ್ಲಿ ಸ್ವತಂತ್ರ ಸಿರಿಯಾ ಸೇನೆಯನ್ನು ಘೋಷಿಸಿದರು. 2012ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥ ಡೇವಿಡ್ ಪೆಟ್ರೇಯಸ್ ಈ ಬಂಡುಕೋರರಿಗೆ ಆಯುಧ ಕೊಡುವ ಯೋಜನೆ ಮುಂದಿಟ್ಟರು, ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಬೆಂಬಲಿಸಿದರು, ಅಧ್ಯಕ್ಷ ಒಬಾಮ ಒಪ್ಪಲಿಲ್ಲ. ಯುರೋಪಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಬಂಡುಕೋರರ ಮಟ್ಟಿಗೆ ಶಸ್ತ್ರಾಸ್ತ್ರ ನಿರ್ಬಂಧವನ್ನು ತೆಗೆಯಬೇಕೆಂದು ಪಟ್ಟುಹಿಡಿದವು, ಆಸ್ಟ್ರಿಯಾದಂಥ ದೇಶಗಳು ವಿರೋಧಿಸಿದವು, 2013ರ ಮೇ 27ರಂದು ಒಮ್ಮತ ಮೂಡದೆ ನಿರ್ಬಂಧ ತಾನಾಗಿಯೇ ಮುಗಿಯುವಂತಾಯಿತು. ಮುಂದಿನ ತಿಂಗಳು ಅಮೆರಿಕವೂ ನೆರವು ಕೊಡುವುದಾಗಿ ಹೇಳಿತು.

ಕೊಡಬೇಕೆನ್ನುವವರ ವಾದದಲ್ಲಿ ತೂಕವಿತ್ತು. ಸೌಮ್ಯರಿಗೆ ಆಯುಧ ಸಿಗದಿದ್ದರೆ, ಹಣ ಮತ್ತು ಆಯುಧ ಎರಡೂ ಇರುವ ಉಗ್ರ ಗುಂಪುಗಳ ಕಡೆಗೆ ಯುವಕರು ಹೋಗುತ್ತಾರೆ ಎಂದು ಅವರು ಎಚ್ಚರಿಸಿದರು; ಅದು ಬಹಳಷ್ಟು ನಿಜವಾಯಿತು. ಒಂದು ಪಕ್ಷಕ್ಕೆ ರಷ್ಯಾ ಮತ್ತು ಇರಾನ್ ಧಾರಾಳವಾಗಿ ಕೊಡುತ್ತಿರುವಾಗ ಇನ್ನೊಂದಕ್ಕೆ ಕೊಡದಿರುವುದನ್ನು ತಟಸ್ಥ ನೀತಿ ಎಂದು ಕರೆಯಲಾಗದು ಎಂದೂ ಅವರು ಹೇಳಿದರು. ಬೇಡವೆನ್ನುವವರು ಆಯುಧ ಯಾರ ಕೈ ಸೇರುತ್ತದೋ ತಿಳಿಯದು ಎಂದರು, ಅದೂ ನಿಜವಾಯಿತು. ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಎಂಬ ಸಂಸ್ಥೆಯ ತಜ್ಞರು ರಣರಂಗದಲ್ಲಿ ಸಿಕ್ಕ ಆಯುಧಗಳ ಕ್ರಮಸಂಖ್ಯೆಗಳ ಜಾಡು ಹಿಡಿದು 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯುರೋಪಿನ ಕಾರ್ಖಾನೆಯಿಂದ ಹೊರಟು ಅಮೆರಿಕಕ್ಕೆ ಮಾರಾಟವಾದ ಟ್ಯಾಂಕ್ ನಿರೋಧಕ ಆಯುಧವೊಂದು ಎರಡು ತಿಂಗಳೊಳಗೆ ಇರಾಕಿನಲ್ಲಿ ಇಸ್ಲಾಮಿಕ್ ಸ್ಟೇಟಿನ ಕೈಯಲ್ಲಿದ್ದುದು ದಾಖಲಾಗಿದೆ. ಆಯುಧ ಬೇರೆಯವರ ಕೈ ಸೇರದು ಎಂದು ಖರೀದಿಯ ವೇಳೆ ಬರೆದುಕೊಡುವ ಅಂತಿಮ ಬಳಕೆದಾರರ ಪ್ರಮಾಣಪತ್ರ ಎಂಬ ಕಾಗದಕ್ಕೆ ಯುದ್ಧಭೂಮಿಯಲ್ಲಿ ಎಷ್ಟು ಬೆಲೆಯಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಆದರೆ ನನ್ನ ಮಟ್ಟಿಗೆ ಹೆಚ್ಚು ಪಾಠವಿರುವುದು ಆಯುಧ ತಪ್ಪಿದ ಕೈ ಸೇರಿದಾಗ ಆದದ್ದರಲ್ಲಿ ಅಲ್ಲ, ಅದು ಸರಿಯಾದ ಕೈ ಸೇರಿ ಕೆಲಸ ಮಾಡಿದಾಗ ಆದದ್ದರಲ್ಲಿ. ಸಿಐಎ ಗುಟ್ಟಾಗಿ ನಡೆಸಿದ ಬೇರೆಯೇ ಯೋಜನೆಯಲ್ಲಿ ಬಂಡುಕೋರರಿಗೆ ಟೌ ಎಂಬ ಟ್ಯಾಂಕ್ ನಿರೋಧಕ ಕ್ಷಿಪಣಿಗಳು ಸಿಕ್ಕವು. 2015ರ ಮೊದಲಾರ್ಧದಲ್ಲಿ ಇದ್ಲಿಬ್ ಪ್ರಾಂತ್ಯದಲ್ಲಿ ಸರ್ಕಾರಿ ಪಡೆಗಳು ಹಿಮ್ಮೆಟ್ಟಿದಾಗ ಆ ಕ್ಷಿಪಣಿಗಳ ಪಾತ್ರ ಸಣ್ಣದಾಗಿರಲಿಲ್ಲ. ಅಸ್ಸಾದ್ ಸರ್ಕಾರ ಅಲುಗಾಡತೊಡಗಿತು. ಆಗ ಆದದ್ದೇನು? ಆ ವರ್ಷದ ಸೆಪ್ಟೆಂಬರ್ 30ರಂದು ರಷ್ಯಾದ ಯುದ್ಧವಿಮಾನಗಳು ನೇರವಾಗಿ ದಾಳಿಗಿಳಿದವು. ರಷ್ಯಾ ಬಂದುದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೂ ಎದುರಾಳಿಯ ಬೆನ್ನಿಗೆ ಇನ್ನೊಬ್ಬ ಬಲಶಾಲಿ ನಿಂತಿರುವಾಗ, ನಾವು ಕೊಟ್ಟ ಆಯುಧದ ಯಶಸ್ಸೇ ಅವನನ್ನು ಕಣಕ್ಕೆ ಕರೆದು ತರುತ್ತದೆ. ಅವನು ವಿಮಾನ ತಂದ ದಿನ ನಾವೂ ತರಬೇಕು, ಇಲ್ಲವೇ ನಮ್ಮನ್ನು ನಂಬಿದವರನ್ನು ಕೈಬಿಡಬೇಕು. ಅಸ್ಸಾದ್ ವಿರುದ್ಧ ಅಮೆರಿಕ ವಿಮಾನ ತರಲಿಲ್ಲ. 2017ರಲ್ಲಿ ಟ್ರಂಪ್ ಆಡಳಿತ ಆ ಯೋಜನೆಯನ್ನೇ ಮುಚ್ಚಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ನಮ್ಮಲ್ಲಿದೆ. ಈ ಬಗೆಯ ನೀತಿಗೆ ಅದು ಹೇಳಿ ಮಾಡಿಸಿದ ಮಾತು, ಒಂದು ವ್ಯತ್ಯಾಸದೊಡನೆ: ಇಲ್ಲಿ ಕೋಲು ಮುರಿದರೂ ಹಿಡಿದವನಿಗೆ ನಷ್ಟವಿಲ್ಲ, ಏಕೆಂದರೆ ಕೋಲು ಎಂದರೆ ಬೇರೊಂದು ಜನಾಂಗ. 1972ರಿಂದ 1975ರವರೆಗೆ ಇರಾನಿನ ದೊರೆ ಶಾ ಮತ್ತು ಅಮೆರಿಕ ಸೇರಿ ಇರಾಕಿನ ಕುರ್ದರಿಗೆ ಆಯುಧ ಕೊಟ್ಟರು. ಅಮೆರಿಕದ ಸಂಸದೀಯ ತನಿಖಾ ಸಮಿತಿಯೊಂದು ಆಮೇಲೆ ಕಂಡುಕೊಂಡಂತೆ, ಕುರ್ದರು ಗೆಲ್ಲುವುದು ಕೊಟ್ಟವರಿಬ್ಬರಿಗೂ ಬೇಕಿರಲಿಲ್ಲ; ಇರಾಕ್ ಬಸವಳಿಯುವಷ್ಟು ಕಾಲ ಅವರು ಕಾದಾಡುತ್ತಿದ್ದರೆ ಸಾಕಿತ್ತು. ಈ ಮಾತನ್ನು ಕುರ್ದರಿಗೆ ಯಾರೂ ಹೇಳಿರಲಿಲ್ಲ. 1975ರ ಮಾರ್ಚ್ 6ರಂದು ಅಲ್ಜಿಯರ್ಸ್‌ನಲ್ಲಿ ಶಾ ಇರಾಕಿನೊಂದಿಗೆ ಗಡಿ ಒಪ್ಪಂದ ಮಾಡಿಕೊಂಡರು, ನೆರವು ನಿಂತಿತು, ಮುಸ್ತಫಾ ಬಾರ್ಜಾನಿಯವರ ದಂಗೆ ಕೆಲವೇ ದಿನಗಳಲ್ಲಿ ಕುಸಿಯಿತು. ಆ ಕುರ್ದರ ನಡುವೆ ಉಗ್ರವಾದಿಗಳಿದ್ದರೇ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಕೆಟ್ಟದ್ದು ಇದ್ದುದು ಕೊಡುವ ಕೈಯಲ್ಲಿ.

ಭಾರತ ಈ ವಿಷಯದಲ್ಲಿ ಹೊರಗೆ ನಿಂತು ನೋಡಿದ ದೇಶವಲ್ಲ. ಎರಡು ಸಲ ಇದೇ ಕೆಲಸ ಮಾಡಿ, ಎರಡು ಬೇರೆ ಫಲ ಉಂಡ ದೇಶ. 1983ರ ಜುಲೈನಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ ಹಿಂಸಾಚಾರದ ನಂತರ ಹಲವು ತಮಿಳು ಉಗ್ರಗಾಮಿ ಸಂಘಟನೆಗಳಿಗೆ ಭಾರತದ ನೆಲದಲ್ಲಿ ತರಬೇತಿ ಸಿಕ್ಕಿತು. ದೆಹಲಿಗೆ ಬೇಕಾಗಿದ್ದುದು ಕೊಲಂಬೊ ಮಣಿದು ತಮಿಳರಿಗೆ ಸ್ವಾಯತ್ತೆ ಕೊಡುವುದು. ಪ್ರತ್ಯೇಕ ಈಳಂ ರಾಷ್ಟ್ರ ದೆಹಲಿಗೆ ಎಂದೂ ಬೇಕಿರಲಿಲ್ಲ. ಆ ಸಂಘಟನೆಗಳಲ್ಲೊಂದಾದ, ತಮಿಳು ಹುಲಿಗಳೆಂದು ಹೆಸರಾದ ಎಲ್‌ಟಿಟಿಇಗೆ ಬೇಕಾಗಿದ್ದುದು ಅದೊಂದೇ. ತರಬೇತಿ ಪಡೆದ ಬೇರೆ ಗುಂಪುಗಳನ್ನು ಅದು ಒಂದೊಂದಾಗಿ ಮುಗಿಸಿತು. 1986ರಲ್ಲಿ ಟೆಲೊ ಸಂಘಟನೆಯ ನಾಯಕನೂ ಅವನ ನೂರಾರು ಅನುಯಾಯಿಗಳೂ ಹತರಾದುದು ಸಿಂಹಳ ಸೈನಿಕರಿಂದಲ್ಲ, ಹುಲಿಗಳಿಂದ. 1987ರ ಜುಲೈ 29ರ ಒಪ್ಪಂದದ ನಂತರ ಶಾಂತಿ ಕಾಯಲು ಹೋದ ಭಾರತೀಯ ಪಡೆ ಮೂರು ತಿಂಗಳೊಳಗೆ ಹುಲಿಗಳೊಂದಿಗೇ ಯುದ್ಧ ಮಾಡಬೇಕಾಯಿತು, ಸುಮಾರು 1200 ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಮರುವರ್ಷದ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು.

ಇದಕ್ಕೆ ಪ್ರತಿಯಾಗಿ 1971 ಇದೆಯಲ್ಲ ಎಂದು ನೀವು ಕೇಳುತ್ತೀರಿ, ಕೇಳಬೇಕು. ಪೂರ್ವ ಪಾಕಿಸ್ತಾನದ ಬಂಡುಕೋರ ಪಡೆ ಮುಕ್ತಿವಾಹಿನಿಗೆ ಭಾರತ ಆಯುಧ ಮತ್ತು ತರಬೇತಿ ಕೊಟ್ಟಿತು, ಬಾಂಗ್ಲಾದೇಶ ಹುಟ್ಟಿತು. ಆದರೆ ಅಲ್ಲಿ ಕೂಡಿಬಂದುದನ್ನು ನೋಡಿ. ಅವಾಮಿ ಲೀಗ್ 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 169 ಸ್ಥಾನಗಳಲ್ಲಿ 167ನ್ನು ಗೆದ್ದಿತ್ತು. ಆದ್ದರಿಂದ ಜನರ ಪರವಾಗಿ ಮಾತನಾಡುವವರು ಯಾರೆಂಬ ಗೊಂದಲವಿರಲಿಲ್ಲ. ಸುಮಾರು 1 ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಅವರು ಮರಳಿ ಹೋಗಬೇಕಾದರೆ ಪೂರ್ವ ಪಾಕಿಸ್ತಾನದ ಸೇನಾ ಆಡಳಿತ ತೊಲಗಲೇಬೇಕಿತ್ತು. ಹಾಗಾಗಿ ಕೊಡುವವರ ಮತ್ತು ಪಡೆಯುವವರ ಗುರಿ ವರ್ಷಾಂತ್ಯದ ಹೊತ್ತಿಗೆ ಒಂದೇ ಆಯಿತು. ಆಗಸ್ಟ್ 9ರಂದು ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಗಿ ಬೆನ್ನಿಗೊಬ್ಬ ಬಲಶಾಲಿಯೂ ಸಿಕ್ಕಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಬಂದೂಕು ಕೊಟ್ಟು ಕೈತೊಳೆದುಕೊಳ್ಳುವ ಆಸೆ ದೆಹಲಿಗೆ ಇರಲಿಲ್ಲ. ಸೈನ್ಯ ಸಿದ್ಧವಾಗುತ್ತಿತ್ತು, ಡಿಸೆಂಬರ್‌ನಲ್ಲಿ ಇಳಿಯಿತು. ಹೀಗಾಗಿ 1971 ನಡುದಾರಿಯ ಯಶಸ್ಸಲ್ಲ. ನಡುದಾರಿಯನ್ನು ಬಿಟ್ಟು ತುದಿಯವರೆಗೆ ನಡೆದದ್ದರ ಯಶಸ್ಸು. ಒಬಾಮ ಆಡಳಿತದ ಕಾಲದಲ್ಲಿ ಸಿಐಎ ತನ್ನ ಹಳೆಯ ಕಡತಗಳನ್ನೇ ತೆಗೆದು ನಡೆಸಿದ ಪರಿಶೀಲನೆಯೂ, 2014ರಲ್ಲಿ ಪತ್ರಿಕೆಗಳಿಗೆ ತಿಳಿದುಬಂದಂತೆ, ಇದಕ್ಕೆ ಹತ್ತಿರದ ತೀರ್ಮಾನಕ್ಕೇ ಬಂದಿತ್ತು: ಗುಪ್ತವಾಗಿ ಕೊಟ್ಟ ಆಯುಧದಿಂದ ದೀರ್ಘಕಾಲದ ಫಲಿತಾಂಶ ಬದಲಾದುದು ವಿರಳ, ಕೊಟ್ಟವರ ಜನ ನೆಲದ ಮೇಲಿಲ್ಲದಾಗಲಂತೂ ಇನ್ನೂ ವಿರಳ. ಅದರಲ್ಲಿ ಹೊರತಾಗಿ ಕಂಡದ್ದು 1980ರ ದಶಕದ ಅಫ್ಘಾನಿಸ್ತಾನ. ಸೋವಿಯತ್ ಸೈನ್ಯ 1989ರ ಫೆಬ್ರುವರಿಯಲ್ಲಿ ಹೊರಟುಹೋದದ್ದನ್ನಷ್ಟೇ ಯಶಸ್ಸೆಂದು ಎಣಿಸಿದರೆ ಅದು ಹೌದು. ಪಾಕಿಸ್ತಾನದ ಐಎಸ್‌ಐ ಮೂಲಕ ಹಂಚಿಕೆಯಾದ ಆಯುಧದಲ್ಲಿ ಅತಿ ದೊಡ್ಡ ಪಾಲು ಪಡೆದ ಬಂಡುಕೋರ ನಾಯಕ ಗುಲ್ಬುದ್ದೀನ್ ಹೆಕ್ಮತ್ಯಾರ್ 1992ರ ನಂತರ ಕಾಬೂಲಿನ ಮೇಲೆಯೇ ರಾಕೆಟ್ ಸುರಿಸಿದ್ದನ್ನೂ ಲೆಕ್ಕಕ್ಕೆ ಹಿಡಿದರೆ, ಹೌದೆನ್ನಲು ಗಂಟಲು ಕಟ್ಟುತ್ತದೆ.

ಕಾನೂನಿನ ಮಾತು ಚಿಕ್ಕದು, ಏಕೆಂದರೆ ಅದು ಸ್ಪಷ್ಟವಾಗಿದೆ. ನಿಕರಾಗುವದ ಕಾಂಟ್ರಾ ಬಂಡುಕೋರರಿಗೆ ಅಮೆರಿಕ ನೆರವಾದ ಬಗೆಗಿನ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1986ರ ಜೂನ್ 27ರಂದು ತೀರ್ಪಿತ್ತಿತು: ಬಂಡುಕೋರರಿಗೆ ಆಯುಧ ಮತ್ತು ತರಬೇತಿ ಕೊಡುವುದು ಬಲಪ್ರಯೋಗ ನಿಷೇಧದ ಉಲ್ಲಂಘನೆ, ಬರಿಯ ಹಣ ಕೊಡುವುದು ಬಲಪ್ರಯೋಗವಲ್ಲದಿದ್ದರೂ ಇನ್ನೊಂದು ದೇಶದ ಆಂತರಿಕ ವ್ಯವಹಾರದಲ್ಲಿ ಕಾನೂನುಬಾಹಿರ ಹಸ್ತಕ್ಷೇಪ. ತೀರ್ಪು ಪಾಲಿಸಬೇಕೆಂಬ ಭದ್ರತಾ ಮಂಡಳಿಯ ನಿರ್ಣಯಕ್ಕೆ ಅಮೆರಿಕ ವಿಟೊ ಹಾಕಿತು. ನಿಯಮ ಮುರಿಯುವವರಿದ್ದಾರೆಂದು ನಿಯಮ ಇಲ್ಲವಾಗುವುದಿಲ್ಲ. ಆದರೆ ಅದನ್ನು ಮುರಿಯುವವರೇ ಈ ಚರ್ಚೆಗಳ ಮುಖ್ಯ ಪಾತ್ರಧಾರಿಗಳೆಂಬುದನ್ನು ಮರೆಯುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ವಾದಕ್ಕೆ ಅತ್ಯಂತ ಕಷ್ಟ ಕೊಡುವ ಉದಾಹರಣೆಯನ್ನು ಬಚ್ಚಿಡುವುದು ಸರಿಯಲ್ಲ. 1991ರ ಸೆಪ್ಟೆಂಬರ್‌ನಲ್ಲಿ ಭದ್ರತಾ ಮಂಡಳಿ ಇಡೀ ಯುಗೊಸ್ಲಾವಿಯಕ್ಕೆ ಶಸ್ತ್ರಾಸ್ತ್ರ ನಿರ್ಬಂಧ ಹೇರಿತು. ಮರುವರ್ಷ ಬಾಸ್ನಿಯಾ ಸ್ವತಂತ್ರವಾದಾಗ, ಹಳೆಯ ಯುಗೊಸ್ಲಾವ್ ಸೈನ್ಯದ ಫಿರಂಗಿ ಮತ್ತು ಟ್ಯಾಂಕುಗಳು ಬಹುಪಾಲು ಬಾಸ್ನಿಯಾದ ಸರ್ಬ್ ಪಡೆಗಳ ಕೈಯಲ್ಲಿದ್ದವು. ನಿರ್ಬಂಧ ಎಲ್ಲರಿಗೂ ಒಂದೇ ಆಗಿದ್ದರೂ ಅದರ ಭಾರ ಬಿದ್ದದ್ದು ಆಯುಧವಿಲ್ಲದವರ ಮೇಲೆ. ಅಲ್ಲಿ ಆಯುಧ ಕೇಳುತ್ತಿದ್ದವರು ಬಂಡುಕೋರರಲ್ಲ, ವಿಶ್ವಸಂಸ್ಥೆಯ ಸದಸ್ಯತ್ವವಿದ್ದ ಸರ್ಕಾರ. ಆದ್ದರಿಂದ ನನ್ನ ವಿಷಯಕ್ಕೆ ಇದು ಪೂರ್ತಿ ಹೊಂದುವುದಿಲ್ಲ ಎಂದು ನುಣುಚಿಕೊಳ್ಳಬಹುದಿತ್ತು. 1995ರ ಜುಲೈನಲ್ಲಿ, ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶವೆಂದು ಘೋಷಿಸಿದ್ದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು ಸುಮಾರು 8000 ಗಂಡಸರನ್ನೂ ಹುಡುಗರನ್ನೂ ಕೊಂದ ಮೇಲೆ ಹಾಗೆ ನುಣುಚಿಕೊಳ್ಳಲು ಮನಸ್ಸು ಬರುವುದಿಲ್ಲ. ಕೊಡದಿರುವುದೂ ಒಂದು ಕೃತ್ಯವೇ, ಅದಕ್ಕೂ ಉತ್ತರ ಕೊಡಬೇಕಾಗುತ್ತದೆ. ಆದರೂ ಅಲ್ಲಿ ಯುದ್ಧ ನಿಂತದ್ದು ನಿರ್ಬಂಧವನ್ನು ಕಣ್ತಪ್ಪಿಸಿ ಕ್ರೊಯೇಷಿಯಾದ ಮೂಲಕ ಬಂದ ಬಂದೂಕುಗಳಿಂದ ಮಾತ್ರವಲ್ಲ. ಆ ವರ್ಷದ ಆಗಸ್ಟ್ ಕೊನೆಯಲ್ಲಿ ನ್ಯಾಟೊ ವಿಮಾನಗಳು ತಾವೇ ಬಾಂಬು ಹಾಕತೊಡಗಿದ ಮೇಲೆ, ಮತ್ತು ಅಮೆರಿಕದ ಡೇಟನ್‌ನಲ್ಲಿ ಮೂರೂ ಕಡೆಯವರನ್ನು ಕೂರಿಸಿ ಒಪ್ಪಂದ ಬರೆಸಿದ ಮೇಲೆ.

ಸಿರಿಯಾದಲ್ಲಿ ಮೊದಲ ಹತ್ತು ವರ್ಷಗಳಲ್ಲೇ ವಿಶ್ವಸಂಸ್ಥೆಯ ಅಂದಾಜಿನಂತೆ 3 ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು, ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಜನ ಮನೆ ಬಿಟ್ಟರು. 2024ರ ಡಿಸೆಂಬರ್ 8ರಂದು ಡಮಾಸ್ಕಸ್ ಬಿದ್ದಾಗ ಅದನ್ನು ಬೀಳಿಸಿದ ಪಡೆಗಳ ಮುಂಚೂಣಿಯಲ್ಲಿದ್ದುದು ಹಯಾತ್ ತಹ್ರೀರ್ ಅಲ್ ಶಾಮ್. ಒಂದು ಕಾಲಕ್ಕೆ ಅಲ್ ಖೈದಾದ ಶಾಖೆಯಾಗಿದ್ದು, ಯಾರಿಗೆ ಆಯುಧ ಹೋಗಬಾರದೆಂದು 2012ರಲ್ಲಿ ಎಲ್ಲರೂ ಹೆದರುತ್ತಿದ್ದರೋ ಅದೇ ಗುಂಪಿನ ಹೊಸ ರೂಪ. ಆಗಲೇ ಸೌಮ್ಯರಿಗೆ ಕೊಟ್ಟಿದ್ದರೆ ಹನ್ನೆರಡು ವರ್ಷ ಉಳಿಯುತ್ತಿತ್ತು ಎಂದು ಒಂದು ಪಕ್ಷದವರು ಇಂದು ಹೇಳುತ್ತಾರೆ. ಕೊಟ್ಟಿದ್ದರೂ ಕೊನೆಗೆ ಗೆಲ್ಲುತ್ತಿದ್ದುದು ಇವರೇ ಎಂದು ಇನ್ನೊಂದು ಪಕ್ಷದವರು. ಇಬ್ಬರ ಕೈಯಲ್ಲೂ ಇರುವುದು ಅದೇ ಒಂದು ಪುರಾವೆ.