ಇಲ್ಲದ ದೇಶಕ್ಕೆ ಧರ್ಮಗಳನ್ನು ಕಟ್ಟುವ ಬಗೆ
(ಧಾರವಾಡದಲ್ಲಿ ಕಥೆ, ಕಾದಂಬರಿ ಬರೆಯುವವರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲದ ದೇಶವೊಂದನ್ನು ಬರೆಯಲು ಕುಳಿತವರು ಮೊದಲು ದೇವರಿಗೆ ಹೆಸರಿಡುತ್ತಾರೆ. ಸೂರ್ಯನನ್ನು ನಂಬುವವರು, ನದಿಯನ್ನು ನಂಬುವವರು, ಕತ್ತಲೆಯನ್ನು ನಂಬುವವರು ಅಂತ ಮೂರು ಧರ್ಮ ಹುಟ್ಟುತ್ತವೆ. ನಕ್ಷೆಯಲ್ಲಿ ಬಡಗಣ ಒಬ್ಬರದು, ತೆಂಕಣ ಇನ್ನೊಬ್ಬರದು, ನಡುವೆ ಯುದ್ಧ. ಮುನ್ನೂರು ಪುಟ ಮುಗಿದರೂ ಆ ದೇಶದಲ್ಲಿ ಯಾರಾದರೂ ಸತ್ತರೆ ಹೆಣ ಎಲ್ಲಿಗೆ ಒಯ್ಯುತ್ತಾರೆ ಅನ್ನುವುದು ಬರೆದವರಿಗೇ ಗೊತ್ತಿರುವುದಿಲ್ಲ. ದೇವರನ್ನು ಆಮೇಲೆ ನೋಡೋಣ. ಮೊದಲು ಸ್ಮಶಾನ ಗುರುತು ಮಾಡಿ.

ನಮ್ಮ ಕಡೆಯ ಒಂದು ಹಳ್ಳಿಯನ್ನೇ ತಗೊಳ್ಳಿ. ಲಿಂಗಾಯತರು ಹೆಣವನ್ನು ಕೂಡಿಸಿ ಹೂಳುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಪತ್ರಿ. ಕುಣಿ ಆಳ, ಆದರೆ ಉದ್ದ ಬೇಕಾಗಿಲ್ಲ. ಮುಸಲ್ಮಾನರು ಮಲಗಿಸಿ, ಮುಖವನ್ನು ಪಡುವಣಕ್ಕೆ ಹೊರಳಿಸಿ ಹೂಳುತ್ತಾರೆ. ಕುಣಿ ಉದ್ದ, ಅದೂ ತೆಂಕು-ಬಡಗಾಗಿಯೇ ಇರಬೇಕು. ಬ್ರಾಹ್ಮಣರು, ಜೈನರು ಸುಡುತ್ತಾರೆ; ಅವರಿಗೆ ಕಟ್ಟಿಗೆ ಬೇಕು, ಸಾಧ್ಯವಾದರೆ ನೀರಿನ ದಂಡೆ ಬೇಕು. ಹೊಲ ಇದ್ದವರು ಹಿರಿಯರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುವುದುಂಟು; ಹೊಲ ಇಲ್ಲದವರಿಗೆ ಊರ ಜಾಗವೇ ಗತಿ. ಇಷ್ಟು ಬರೆದುಕೊಂಡರೆ ಸಾಕು, ಕಥೆಗೆ ಬೇಕಾದ ಪ್ರಶ್ನೆಗಳು ತಾವೇ ಏಳುತ್ತವೆ. ಹೆಣ ಒಯ್ಯುವ ದಾರಿ ಯಾರ ಹೊಲದ ಬದುವಿನ ಮೇಲೆ ಹಾಯುತ್ತದೆ? ಆ ಹೊಲ ಮಾರಾಟವಾದರೆ? ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲ ಮಟ ಹಿಡಿದಾಗ ಹೆಗಲು ಕೊಡಲು ಬರುವವರು ಯಾರು? ಪುರಾಣಕ್ಕಿಂತ ಮೊದಲು ಇದಕ್ಕೆ ಉತ್ತರ ಇರಬೇಕು.

ಎರಡನೆಯದು ಪಂಚಾಂಗ. ಹೊಸಬರು ಇಲ್ಲಿ ಎಡವುವುದೇ ಹೆಚ್ಚು. ಎಲ್ಲ ಧರ್ಮಕ್ಕೂ ಒಂದೇ ಕ್ಯಾಲೆಂಡರ್ ಕೊಟ್ಟು, ಹಬ್ಬಗಳನ್ನು ವರ್ಷದುದ್ದಕ್ಕೂ ಅಂದವಾಗಿ ಹಂಚಿಬಿಡುತ್ತಾರೆ. ಹಾಗೆ ಮಾಡಿದರೆ ದೇಶ ಸತ್ತಂತೆಯೇ. ಮುಸಲ್ಮಾನರ ಹಿಜರಿ ವರ್ಷಕ್ಕೆ ಸುಮಾರು 354 ದಿನ, ಅಂದರೆ ಸೌರ ವರ್ಷಕ್ಕಿಂತ 11 ದಿನ ಕಡಿಮೆ. ನಮ್ಮ ಚಾಂದ್ರಮಾನವೂ ಹಾಗೆಯೇ 11 ದಿನ ಹಿಂದೆ ಜಾರುತ್ತದೆ, ಆದರೆ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಅದನ್ನು ಹಿಡಿದು ಮುಂದಕ್ಕೆ ನೂಕುತ್ತದೆ. ಹಿಜರಿಗೆ ಅಧಿಕ ಮಾಸವಿಲ್ಲ. ಅದು ಜಾರುತ್ತಲೇ ಹೋಗುತ್ತದೆ.

ಇದರ ಫಲ ನೋಡಿ. 2018, 2019, 2020, ಈ ಮೂರು ವರ್ಷ ಸತತವಾಗಿ ಗಣೇಶ ಚೌತಿ ಮತ್ತು ಮೊಹರಮ್ಮಿನ ಮೊದಲ ದಿನ ಒಂದೇ ವಾರದಲ್ಲಿ ಬಂದವು. 2018ರಲ್ಲಿ ಅಧಿಕ ಜ್ಯೇಷ್ಠ ಮುಗಿದ ಮೇಲೆ ಭಾದ್ರಪದ ಮತ್ತು ಮೊಹರಮ್ ಒಂದೇ ಅಮಾವಾಸ್ಯೆಯ ಬೆನ್ನಿಗೆ ಹುಟ್ಟಿದವು. ಎರಡೂ ಕೂಡಿಯೇ ಹಿಂದೆ ಸರಿದವು. 2020ರ ಅಧಿಕ ಆಶ್ವಯುಜ ಬಂದು ಜೋಡಿ ಮುರಿಯಿತು. ಇನ್ನು ಇವು ಕೂಡುವುದು ಸುಮಾರು 32-33 ವರ್ಷಕ್ಕೆ. ಕಥೆಗಾರನಿಗೆ ಇದು ಬಂಗಾರ. ಮೊದಲ ಸಲ ಕೂಡಿದಾಗ ಹತ್ತು ವರ್ಷದ ಹುಡುಗ ಎರಡನೇ ಸಲ ಕೂಡುವಾಗ ನಲವತ್ತು ದಾಟಿದ ಊರ ಹಿರಿಯ. ಹಿಂದಿನ ಸಲ ಯಾವ ಮೆರವಣಿಗೆ ಮುಂದೆ ಹೋಯಿತು, ಎಲ್ಲಿ ಹಲಗಿ ಬಾರಿಸುವುದನ್ನು ನಿಲ್ಲಿಸಿದರು ಅನ್ನುವುದು ಅವನೊಬ್ಬನಿಗೇ ನೆನಪು. ನಿಮ್ಮ ದೇಶಕ್ಕೂ ಇಂಥ ಎರಡು ಪಂಚಾಂಗ ಮಾಡಿ. ಒಂದು ಹಾಳೆಯಲ್ಲಿ 33 ಸಾಲು ಎಳೆದು ಎರಡೂ ಹಬ್ಬದ ದಿನ ಬರೆಯುತ್ತ ಹೋಗಿ. ಒಂದು ತಾಸಿನ ಕೆಲಸ.

ಹಬ್ಬ ಜಾರಿದಂತೆ ಅದರ ಗಾತ್ರವೂ ಬದಲಾಗುತ್ತದೆ. ಮೊಹರಮ್ಮಿನ ಹತ್ತನೇ ದಿನ 2011ರಲ್ಲಿ ಡಿಸೆಂಬರ್ 6ಕ್ಕೆ ಬಿತ್ತು, 2025ರಲ್ಲಿ ಜುಲೈ 6ಕ್ಕೆ. ಡಿಸೆಂಬರಿನಲ್ಲಿ ಹತ್ತಿ ಬಿಡಿಸಿ ಮಾರಿದ ದುಡ್ಡು ಕೈಯಲ್ಲಿರುತ್ತದೆ. ಜುಲೈ ಅಂದರೆ ಬೀಜ-ಗೊಬ್ಬರಕ್ಕೆ ಸಾಲ ಮಾಡಿದ ಹೊತ್ತು, ಎಡೆ ಹೊಡೆಯುವ ಹೊತ್ತು. ಆಗ ಹಬ್ಬಕ್ಕೆ ಪಟ್ಟಿ, ಅಂದರೆ ವಂತಿಗೆ, ಎತ್ತಲು ಹೋದವರ ಮುಖಕ್ಕೆ ಬಾಗಿಲು ಹಾಕಿಕೊಂಡರೆ ಅದು ಧರ್ಮದ್ವೇಷವೇ ಆಗಬೇಕೆಂದಿಲ್ಲ, ಕಿಸೆ ಖಾಲಿ ಇರಬಹುದು. ಇವೆರಡರ ವ್ಯತ್ಯಾಸ ತಿಳಿಯದ ಪಾತ್ರವೊಂದನ್ನು ಊರೊಳಗೆ ಬಿಡಿ, ಜಗಳ ತಾನೇ ಬೆಳೆಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಬೇರೆ ಬೇರೆ ಧರ್ಮಗಳು ಒಂದೂರಲ್ಲಿ ಬಾಳುವುದು ತತ್ವದ ಒಪ್ಪಂದದಿಂದಲ್ಲ, ಕೆಲಸದ ಹಂಚಿಕೆಯಿಂದ. ಅಲಾಯಿ ಹಬ್ಬವನ್ನು, ಅಂದರೆ ನಮ್ಮ ಹಳ್ಳಿಗಳ ಮೊಹರಮ್ಮನ್ನು, ಹತ್ತಿರದಿಂದ ನೋಡಿದರೆ ಇದು ಕಾಣುತ್ತದೆ. ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಬೆಂಕಿಯ ಕುಣಿಗೆ ಗುದ್ದಲಿ ಬೀಳುತ್ತದೆ. ಕುಣಿಗೆ ಕಟ್ಟಿಗೆ ರೈತರ ಮನೆಗಳಿಂದ. ದೇವರೆಂದು ಹೊರುವ ಲೋಹದ ಹಸ್ತ, ಅಂದರೆ ಪಂಜಾ, ಸವೆದಿದ್ದರೆ ತಿದ್ದುವವನು ಪತ್ತಾರ. ಹಲಗಿ ಬಾರಿಸುವವರು ಬೇರೆ, ಹೆಜ್ಜೆ ಹಾಕುವ ಮೇಳದವರು ಬೇರೆ. ಪ್ರವಾದಿಯ ಮೊಮ್ಮಗ ಹುಸೇನರು ಮಡಿದ ಕರ್ಬಲಾದ ಕಥೆಯನ್ನು ಕನ್ನಡ ಪದ ಕಟ್ಟಿ ಹಾಡುವವರಲ್ಲಿ ಲಿಂಗಾಯತರು, ಕುರುಬರು, ನಾಯಕರು ಎಲ್ಲ ಇರುತ್ತಾರೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಸಕ್ಕರಿ ಓದಿಸುತ್ತಾರೆ. ಓದುವವನು ಮಾತ್ರ ಮುಲ್ಲಾ. ಒಂದೂ ಮುಸಲ್ಮಾನರ ಮನೆ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂಡುತ್ತಾವೆ. ಆ ಊರವರು ಪಕ್ಕದೂರಿನಿಂದ ಮುಲ್ಲಾನನ್ನು ಕರೆತರುತ್ತಾರೆ. ಒಂಬತ್ತರ ಕತ್ತಲ ರಾತ್ರಿ ಕಳೆದು ಹತ್ತನೇ ದಿನ ದೇವರು ಹೊಳೆಗೆ ಹೋಗುವ ತನಕ ಎಷ್ಟು ಕೈ ಬೇಕೆಂದು ಎಣಿಸಿ ನೋಡಿ. ಅದರಲ್ಲಿ ಒಂದು ಕೈ ಹಿಂದೆ ಸರಿದರೂ ಹಬ್ಬ ನಿಲ್ಲುತ್ತದೆ. ಆ ಕಾರಣಕ್ಕೇ ಯಾರನ್ನೂ ಬಿಡುವಂತಿಲ್ಲ.

ಆದರೆ ಇದನ್ನು ಸೌಹಾರ್ದ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹಿಂದೂ-ಮುಸಲ್ಮಾನರು ಕೂಡಿ ದೇವರು ಹೊರುವ ಊರಿನಲ್ಲೇ ಹಲಗಿ ಬಾರಿಸುವವನಿಗೆ ಗುಡಿಯ ಕಟ್ಟೆ ಹತ್ತಲು ಬಿಡದಿರಬಹುದು. ಧರ್ಮಗಳ ನಡುವಿನ ಬಾಗಿಲು ತೆರೆದಿದ್ದು, ಜಾತಿಗಳ ನಡುವಿನದು ಮುಚ್ಚಿರುವುದು ಅಪರೂಪವೇನಲ್ಲ. ಈ ಒಡಕನ್ನು ಮರೆಮಾಡಿದ ಕಾಲ್ಪನಿಕ ದೇಶ ಪ್ರವಾಸೋದ್ಯಮದ ಜಾಹೀರಾತಿನ ಹಾಗೆ ಕಾಣುತ್ತದೆ.

ವ್ಯವಸ್ಥೆ ಕೆಡುವುದು ದೊಡ್ಡ ಕಾರಣಕ್ಕಲ್ಲ. ಮೆರವಣಿಗೆಯ ಹಳೇ ದಾರಿಗೆ ಹೊಸ ಕಟ್ಟಡ ಅಡ್ಡ ಬಂದು ಓಣಿ ಬದಲಾಗುತ್ತದೆ. ಪಟ್ಟಿಯ ಲೆಕ್ಕ ಒಬ್ಬನ ಕಿಸೆಯಲ್ಲೇ ಉಳಿಯುತ್ತದೆ. ಹಲಗಿಯ ಜಾಗಕ್ಕೆ ಡಿಜೆ ಬರುತ್ತದೆ. ಹಲಗಿಯವನಿಗೆ ಮಸೂತಿ ಮುಂದೆ, ಗುಡಿ ಮುಂದೆ ಎಲ್ಲಿ ಕೈ ತಡೆಯಬೇಕೆಂದು ಗೊತ್ತಿತ್ತು, ಡಿಜೆಯವನು ಪರವೂರಿನವನು. ಆಮೇಲೆ ಠಾಣೆಯಲ್ಲಿ ಶಾಂತಿ ಸಭೆ. ಸಭೆಗೆ ಕರೆಯುವುದು ಮುಖಂಡರನ್ನು. ದಾರಿ ಬಲ್ಲ ಹಲಗಿಯವನನ್ನಲ್ಲ.

ಎಷ್ಟು ಧರ್ಮ ಬೇಕು ಎಂದು ಕೇಳುತ್ತೀರಿ. ಒಂದು ಕಾದಂಬರಿಗೆ ಮೂರು ಧಾರಾಳ, ಆದರೆ ಒಂದೊಂದರೊಳಗೂ ಕನಿಷ್ಠ ಎರಡು ಪಂಗಡ ಇರಲಿ; ಹೊರಗಿನವರ ಜೊತೆಗಿಂತ ಒಳಗಿನವರ ಜೊತೆಗೇ ಜಗಳ ಜಾಸ್ತಿ. ಅವನ್ನು ಬೇರೆ ಬೇರೆ ಸೀಮೆಗೆ ಅಟ್ಟಬೇಡಿ. ಲಕ್ಷ್ಮೇಶ್ವರ ಒಂದೇ ಊರಿನಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದಪೀರ ದರ್ಗಾ ಎಲ್ಲ ಇವೆ. ಸವಣೂರು ನವಾಬರ ಊರು. ಮಾಧ್ವ ಯತಿ ಸತ್ಯಬೋಧ ತೀರ್ಥರ ವೃಂದಾವನವೂ ಅಲ್ಲೇ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯಿಂದ ಕಾಶಿವಿಶ್ವೇಶ್ವರ ಗುಡಿಗೆ ನಡೆದೇ ಹೋಗಬಹುದು.

ಹೊರಗಿನಿಂದ ಹೊಸ ಧರ್ಮ ಬರುವುದಾದರೆ ಅದರ ಕೈಯಲ್ಲಿ ಏನಿದೆ ಎಂದು ಬರೆಯಿರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರ ಧರ್ಮಕ್ಕೆ ಸೇರಿದವರಿಗಿಂತ ಅವರ ಸಾಲೆಯಲ್ಲಿ ಅಕ್ಷರ ಕಲಿತವರೇ ಹೆಚ್ಚು.

ಕೊನೆಗೆ ಹೆಸರು. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ, ಬೆಣ್ಣಿಹಳ್ಳದ ದಂಡೆಯಲ್ಲಿ, ಒಂದೇ ಗದ್ದುಗೆಗೆ ಕೆಲವರು ಚಾಂಗದೇವ ಎನ್ನುತ್ತಾರೆ, ಕೆಲವರು ರಾಜಾಬಾಗಸವಾರ ಎನ್ನುತ್ತಾರೆ. ಹಳ್ಳದ ನೀರಿನಿಂದ ಅಲ್ಲಿ ದೀಪ ಉರಿಯುತ್ತದೆ ಎಂದು ಇಬ್ಬರೂ ನಂಬುತ್ತಾರೆ. ನಿಮ್ಮ ದೇಶದಲ್ಲೂ ಇಂಥ ಒಂದು ಜಾಗ ಇರಲಿ. ಸಂಭಾಷಣೆಯಲ್ಲಿ ಎರಡೂ ಹೆಸರು ಬರಬಹುದು. ಆದರೆ ನಿರೂಪಕ ಯಾವ ಹೆಸರು ಹಿಡಿಯುತ್ತಾನೆ? ಅದನ್ನು ಮೊದಲ ಪುಟಕ್ಕೂ ಮುಂಚೆ ತೀರ್ಮಾನಿಸಬೇಕು, ಏಕೆಂದರೆ ಆ ಒಂದು ಪದದಲ್ಲೇ ಓದುಗರು ನಿಮ್ಮ ನಿರೂಪಕ ಯಾವ ಓಣಿಯವನೆಂದು ಗುರುತು ಹಿಡಿಯುತ್ತಾರೆ.

ಚಹಾ ಬಂದಿದೆ. ಕುಡಿದು ಬನ್ನಿ, ಆಮೇಲೆ ಒಬ್ಬೊಬ್ಬರೂ ಒಂದು ಹಾಳೆ ತಗೊಂಡು ನಿಮ್ಮ ಊರಿನ ನಕ್ಷೆ ಬರೆಯಿರಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಹೆಣದ ದಾರಿ ಎರಡು-ಮೂರು ಸಲ ಅಳಿಸಬೇಕಾಗುತ್ತದೆ.